ಉತ್ತರ ಬಂದಿದೆ, ಊರಿಗೆ ಬಂದಿಲ್ಲ

(ಬೆಳ್ಮಣ್‌ನಲ್ಲಿ ನಡೆದ ತಿಂಗಳ ಅನುಭಾವ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನನಗೆ ಕೊಟ್ಟಿರುವ ವಿಷಯ ‘ಶಾಸಕರು ಮತ್ತು ಮತದಾರರು’. ಸಂಚಾಲಕರು ಫೋನ್ ಮಾಡಿದಾಗ, ನಾನು ರಾಜಕೀಯ ಮಾತಾಡುವವನಲ್ಲ ಎಂದೆ. ‘ರಾಜಕೀಯ ಬೇಡ, ನಿಮ್ಮ ಮೇಜಿನ ಮೇಲೆ ಬಂದು ಹೋದದ್ದನ್ನು ಹೇಳಿ’ ಅಂದರು. ಅದಕ್ಕೆ ಒಪ್ಪಿ ಬಂದಿದ್ದೇನೆ. ಯಾವ ಪಕ್ಷದ ಹೆಸರೂ ನನ್ನ ಬಾಯಿಂದ ಬರುವುದಿಲ್ಲ, ಆ ಬಗ್ಗೆ ನಿಶ್ಚಿಂತೆಯಿಂದಿರಿ.

ನಾನು ಘಟ್ಟದ ಮೇಲಿನವನು. ಸರ್ಕಾರಿ ಕೆಲಸ ನನ್ನನ್ನು ಕರಾವಳಿಗೆ ಇಳಿಸಿತು, ನಿವೃತ್ತಿಯಾದ ಮೇಲೂ ಹತ್ತಿಸಲಿಲ್ಲ. ರಸ್ತೆ, ಮೋರಿ, ಸಣ್ಣ ಸೇತುವೆ, ಕಿಂಡಿ ಅಣೆಕಟ್ಟು, ಇವುಗಳಲ್ಲೇ ನನ್ನ ನೌಕರಿ ಕಳೆಯಿತು. ಇದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದೆ. ನಿಮಗೆ ಯಾರಿಗೂ ಅದು ಗೊತ್ತಿರಲಿಕ್ಕಿಲ್ಲ. ವಿಧಾನಸಭೆಯಲ್ಲಿ ಮಂತ್ರಿಗಳು ಓದುವ ಉತ್ತರಗಳನ್ನು ಬರೆಯುತ್ತಿದ್ದೆ.

ಆಶ್ಚರ್ಯಪಡಬೇಡಿ. ನಮ್ಮ ವಿಧಾನಸಭೆಯಲ್ಲಿ 224 ಚುನಾಯಿತ ಸದಸ್ಯರು. ಒಬ್ಬ ಶಾಸಕರು ತಮ್ಮ ಕ್ಷೇತ್ರದ ಒಂದು ಸೇತುವೆಯ ಬಗ್ಗೆ ಪ್ರಶ್ನೆ ಬರೆದುಕೊಡುತ್ತಾರೆ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸದನದಲ್ಲಿ ಬಾಯಿಮಾತಿನ ಉತ್ತರ, ಚುಕ್ಕೆ ಗುರುತಿಲ್ಲದ್ದಾದರೆ ಲಿಖಿತ ಉತ್ತರ. ಪ್ರಶ್ನೆ ಬೆಂಗಳೂರಿನಿಂದ ಹೊರಟು ಮುಖ್ಯ ಇಂಜಿನಿಯರ್, ಅಧೀಕ್ಷಕ ಇಂಜಿನಿಯರ್, ಕಾರ್ಯಪಾಲಕ ಇಂಜಿನಿಯರ್ ಎಂದು ಮೆಟ್ಟಿಲಿಳಿದು ಕೊನೆಗೆ ಉಪವಿಭಾಗದ ಮೇಜಿಗೆ ಬರುತ್ತದೆ. ನಮ್ಮ ಕಾಲದಲ್ಲಿ ಫ್ಯಾಕ್ಸ್. ಮೇಲ್ಗಡೆ ಕೆಂಪು ಶಾಯಿಯಲ್ಲಿ ‘ಅತಿ ಜರೂರು’. ನಾಳೆ ಬೆಳಿಗ್ಗೆಯೊಳಗೆ ಉತ್ತರ ಹೋಗಬೇಕು. ಅಧಿವೇಶನ ಅಂದರೆ ನಮಗೆ ರಜೆ ಇಲ್ಲದ ದಿನಗಳು.

ಆ ಉತ್ತರಗಳಿಗೆ ಒಂದು ಭಾಷೆಯಿದೆ. (ಅ) ಈ ವಿಷಯ ಸರ್ಕಾರದ ಗಮನಕ್ಕೆ ಬಂದಿದೆಯೇ? ‘ಬಂದಿದೆ.’ (ಆ) ಬಂದಿದ್ದಲ್ಲಿ ಕೈಗೊಂಡ ಕ್ರಮವೇನು? ‘ಅಂದಾಜು ಪಟ್ಟಿ ಪರಿಶೀಲನೆಯಲ್ಲಿದೆ.’ (ಇ) ಯಾವಾಗ ಕಾಮಗಾರಿ ಕೈಗೊಳ್ಳಲಾಗುವುದು? ‘ಅನುದಾನದ ಲಭ್ಯತೆಗನುಗುಣವಾಗಿ ಕ್ರಮ ವಹಿಸಲಾಗುವುದು.’ ಇನ್ನೂ ಮುಂದೆ ಕೇಳಿದ್ದರೆ, ‘ಪ್ರಶ್ನೆ ಉದ್ಭವಿಸುವುದಿಲ್ಲ.’ ಈ ನಾಲ್ಕು ವಾಕ್ಯ ಬಾಯಿಪಾಠ ಬಂದರೆ ಇಂಜಿನಿಯರನ ಅರ್ಧ ತಲೆನೋವು ಕಡಿಮೆ. ಇವುಗಳಲ್ಲಿ ಒಂದೂ ಸುಳ್ಳಲ್ಲ. ಸುಳ್ಳು ಬರೆದರೆ ಹಕ್ಕುಚ್ಯುತಿಯಾಗುತ್ತದೆಂಬ ಹೆದರಿಕೆ ನಮಗೂ ಇರುತ್ತದೆ.

ಇಂಥ ಒಂದು ಉತ್ತರದ ಕಥೆ ಹೇಳುತ್ತೇನೆ. ಇಪ್ಪತ್ತು ವರ್ಷ ದಾಟಿದ ಮಾತು. ಊರಿನ ಹೆಸರು ಬೇಡ. ಒಂದು ತೋಡು, ಅದರ ಮೇಲೆ ಅಡಿಕೆ ಮರದ ಕಾಲುಸಂಕ. ಆಚೆ ಹನ್ನೆರಡು ಮನೆ, ಈಚೆ ಶಾಲೆ, ಅಂಗಡಿ, ಬಸ್ಸು. ಬೇಸಿಗೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟುವಷ್ಟೇ ನೀರು. ಜೂನ್ ಬಂತೆಂದರೆ ತೋಡಿನ ರೂಪವೇ ಬೇರೆ. ನಾನು ಹೋಗಿ ಅಳತೆ ತೆಗೆದು, ಸಣ್ಣದೊಂದು ಕಾಂಕ್ರೀಟ್ ಸೇತುವೆಗೆ ಅಂದಾಜು ಪಟ್ಟಿ ಮಾಡಿ ಕಳಿಸಿದೆ. ಅದು ವಾಪಸು ಬಂತು. ಕಾರಣ ಒಂದೇ: ಸೇತುವೆಯ ಆಚೆ ತುದಿ ಇಳಿಯುವ ಜಾಗ ಖಾಸಗಿ ಪಟ್ಟಾ, ಮಾಲೀಕರ ಒಪ್ಪಿಗೆ ಪತ್ರ ಲಗತ್ತಿಸಿಲ್ಲ. ಎರಡು ಸೆಂಟ್ಸಿಗಿಂತ ಕಡಿಮೆ ಜಾಗದ ಮಾತು. ಆ ಹೊತ್ತಿಗೆ ನನ್ನ ಮೇಜಿನ ಮೇಲೆ ಬೇರೆ ಕಡತಗಳು. ‘ಒಪ್ಪಿಗೆ ಪತ್ರ ನಿರೀಕ್ಷಿಸಲಾಗಿದೆ’ ಎಂದು ಷರಾ ಬರೆದು ಬೀರುವಿಗೆ ಸೇರಿಸಿದೆ. ಯಾರಿಂದ ನಿರೀಕ್ಷೆ? ಆ ಮಾಲೀಕರಿಗೆ ನಾವು ಒಂದು ಕಾಗದವನ್ನೂ ಬರೆದಿರಲಿಲ್ಲ.

ಅಷ್ಟರಲ್ಲಿ ಶಾಸಕರು ಸದನದಲ್ಲಿ ಪ್ರಶ್ನೆ ಕೇಳಿದರು. ಕೇಳಿದ್ದು ಅವರ ಒಳ್ಳೆಯತನ. ನಾನು ಬರೆದೆ: ಬಂದಿದೆ, ಪರಿಶೀಲನೆಯಲ್ಲಿದೆ, ಅನುದಾನದ ಲಭ್ಯತೆಗನುಗುಣವಾಗಿ. ಉತ್ತರ ಮಂಡನೆಯಾಯಿತು, ಅಚ್ಚಾಯಿತು. ಶಾಸಕರು ಇಲಾಖೆ ಕೆಲಸ ಮಾಡುತ್ತಿದೆ ಎಂದುಕೊಂಡರು. ಊರವರು ಶಾಸಕರಿಂದ ದುಡ್ಡು ತರಲಿಕ್ಕೆ ಆಗಲಿಲ್ಲ ಎಂದು ಬೈದುಕೊಂಡರು. ಮೂರು ಮಳೆಗಾಲ ಕಳೆಯಿತು.

ಕೊನೆಗೆ ಗಂಟು ಬಿಚ್ಚಿದ್ದು ಒಂದು ಮದುವೆ ಊಟದಲ್ಲಿ. ನನ್ನ ಪಕ್ಕದ ಎಲೆಗೆ ಕುಳಿತವರು ಆ ಜಾಗದ ಮಾಲೀಕರೇ. ಮಾತಿಗೆ ಮಾತು ಬಂದು ವಿಷಯ ತಿಳಿದಾಗ ಅವರು ಕೈ ತೊಳೆಯುವುದನ್ನೂ ಮರೆತು, ‘ನನ್ನನ್ನು ಯಾರು ಕೇಳಿದ್ದಾರೆ ಇಂಜಿನಿಯರ್ರೇ? ನಮ್ಮ ಮನೆಯ ಹೆಣ್ಣುಮಕ್ಕಳೂ ಅದೇ ಸಂಕ ದಾಟುವುದಲ್ವಾ ಮಾರಾಯ್ರೇ!’ ಎಂದರು. ಮರುದಿನವೇ ಸಹಿ ಹಾಕಿಕೊಟ್ಟರು. ಸೇತುವೆ ಆಯಿತು. ಅದರೆ ಆ ಮೂರು ವರ್ಷದಲ್ಲಿ, ಆಚೆ ದಡದ ಒಂದು ಮನೆಯ ಹುಡುಗಿ ಏಳನೇ ತರಗತಿಗೆ ಶಾಲೆ ಬಿಟ್ಟಿದ್ದಳು. ಮಳೆಗಾಲದಲ್ಲಿ ಒಮ್ಮೆ ಸಂಕದ ನಡುವೆ ಜಾರಿ, ಕೈತಾಂಗು ಹಿಡಿದು ನೇತಾಡಿದ ಮೇಲೆ ತಾಯಿ ಕಳಿಸಲಿಲ್ಲ. ಅದನ್ನು ನನಗೆ ಹೇಳಿದ್ದು ಆ ತಾಯಿಯೇ, ಸೇತುವೆಯ ಮೇಲೆ ನಿಂತು. ನಾನು ನನ್ನ ಉತ್ತರದ ವಿಷಯ ಅವರಿಗೆ ಹೇಳಲಿಲ್ಲ. ಇಂದು ಇಲ್ಲಿ ಮೊದಲ ಸಲ ಹೇಳುತ್ತಿದ್ದೇನೆ.

2022ರ ಆಗಸ್ಟ್‌ನಲ್ಲಿ ನಮ್ಮದೇ ಜಿಲ್ಲೆಯ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಎರಡನೇ ತರಗತಿಯ ಮಗುವೊಂದು ಕಾಲುಸಂಕದಿಂದ ಬಿದ್ದು ನೀರುಪಾಲಾಯಿತು. ಪತ್ರಿಕೆಯಲ್ಲಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಆ ಉತ್ತರದ ಒಂದು ಪ್ರತಿಯನ್ನು ಶಾಸಕರ ಕಚೇರಿ ಆ ಊರಿನ ಅಂಗಡಿಯ ಗೋಡೆಗೆ ಅಂಟಿಸಿದ್ದರೆ ಏನಾಗುತ್ತಿತ್ತು? ‘ಪರಿಶೀಲನೆ ಅಂದರೆ ಎಲ್ಲಿ, ಯಾರ ಹತ್ತಿರ?’ ಎಂದು ಯಾರಾದರೂ ಒಬ್ಬರು ನನ್ನ ಕಚೇರಿಗೆ ಬರುತ್ತಿದ್ದರು. ನಾನು ಕಡತ ತೆಗೆಯಲೇಬೇಕಿತ್ತು. ಒಂದು ವಾರದ ಕೆಲಸ. ಶಾಸಕರು ಕೇಳಿದರು, ಸರ್ಕಾರ ಉತ್ತರಿಸಿತು, ಆದರೆ ಉತ್ತರ ಬೇಕಾಗಿದ್ದ ಹನ್ನೆರಡು ಮನೆಗೆ ಅದು ತಲುಪಲೇ ಇಲ್ಲ.

ನಮ್ಮಲ್ಲಿ ಶಾಸಕರನ್ನು ಅಳೆಯುವ ಮಾಪನ ಬೇರೆ. ಮದುವೆಗೆ ಬಂದರಾ, ಸಾವಿಗೆ ಬಂದರಾ, ಎಷ್ಟು ಕೋಟಿ ತಂದರು? ಕೋಟಿಯ ಲೆಕ್ಕ ಸ್ವಲ್ಪ ನೋಡೋಣ, ಇಂಜಿನಿಯರನ ಚಟ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಎಂದು ವರ್ಷಕ್ಕೆ 2 ಕೋಟಿ ರೂಪಾಯಿ. ಒಂದು ಕ್ಷೇತ್ರದಲ್ಲಿ ಎರಡು ಲಕ್ಷ ಮತದಾರರು ಎಂದಿಟ್ಟುಕೊಂಡರೆ ತಲೆಗೆ 100 ರೂಪಾಯಿ. ಶಾಸಕರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವವರು ಜಿಲ್ಲಾಧಿಕಾರಿ. ದೊಡ್ಡ ಹಣ ಇರುವುದು ಇಲಾಖೆಗಳ ಅನುದಾನದಲ್ಲಿ. ಅದರ ಪ್ರಗತಿ ನೋಡುವ ತಾಲೂಕಿನ ಕೆಡಿಪಿ ಸಭೆಗೆ ಶಾಸಕರೇ ಅಧ್ಯಕ್ಷರು. ನಾನು ಕೂತ ಆ ಸಭೆಗಳಲ್ಲಿ ಪ್ರತಿ ಇಲಾಖೆಯ ಮುಂದೆ ಒಂದೊಂದು ಪಟ್ಟಿ ಇರುತ್ತಿತ್ತು: ಯಾವ ಕಾಮಗಾರಿ, ಎಷ್ಟು ಹಣ, ಎಲ್ಲಿಗೆ ಬಂತು, ಯಾಕೆ ನಿಂತಿತು. ಸಭೆ ಮುಗಿದ ಮೇಲೆ ಆ ಹಾಳೆಗಳ ಮೇಲೆ ಚಹಾ ಲೋಟ ಇಡುತ್ತಿದ್ದೆವು. ಆ ಹಾಳೆ ಪಂಚಾಯತಿಯ ಸೂಚನಾ ಫಲಕಕ್ಕೆ ಬಂದಿದ್ದರೆ ಸಾಕಿತ್ತು.

ಅಕ್ರಮ-ಸಕ್ರಮದ ಮಾತೂ ಹಾಗೇ. ನಮೂನೆ 50, ನಮೂನೆ 53, ನಮೂನೆ 57 ಎಂದು ಹೊತ್ತುಹೊತ್ತಿಗೆ ಅರ್ಜಿ ಕರೆದರು. ಆ ಅರ್ಜಿ ತೀರ್ಮಾನಿಸುವ ಸಮಿತಿಗೂ ಶಾಸಕರೇ ಅಧ್ಯಕ್ಷರು. ಕೊನೆಯ ದಿನಾಂಕ ತಿಳಿಯದೆ ತಪ್ಪಿಸಿಕೊಂಡವರು, ಕುಮ್ಕಿಗೂ ಇದಕ್ಕೂ ವ್ಯತ್ಯಾಸ ತಿಳಿಯದೆ ಅರ್ಜಿ ಹಾಕಿ ತಿರಸ್ಕೃತರಾದವರು ಈ ಸಭೆಯಲ್ಲೇ ಇರಬಹುದು. ವರ್ಗದ ಜಮೀನಿನಿಂದ ನೂರು ಗಜದ ಒಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು-ಸೌದೆಯ ಸವಲತ್ತು ಕುಮ್ಕಿ, ಅದು ಒಡೆತನವಲ್ಲ. ಇಷ್ಟನ್ನು ಸರಳ ಕನ್ನಡದಲ್ಲಿ ಯಾರು ನಮಗೆ ಬರೆದುಕೊಟ್ಟಿದ್ದಾರೆ?

ತಿಳಿದರೆ ಏನಾಗುತ್ತದೆ ಎಂಬುದಕ್ಕೆ ಈ ಮಣ್ಣಿನಲ್ಲೇ ಸಾಕ್ಷಿಯಿದೆ. 1974ರ ಮಾರ್ಚ್ 1ರಂದು ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರ ನಮೂನೆ 7ರಲ್ಲಿ ಘೋಷಣೆ ಸಲ್ಲಿಸಬೇಕು. ಗಡುವು ಮುಂದೆ ಹೋಗುತ್ತ 1979ರ ಜೂನ್ 30ಕ್ಕೆ ಮುಗಿಯಿತು. ನಮ್ಮ ನೆರೆಮನೆಯ ಅಜ್ಜ, ಈಗಿಲ್ಲ, ನನಗೆ ಹೇಳುತ್ತಿದ್ದರು: ಕಾನೂನು ಏನೆಂದು ಅವರಿಗೆ ಗೊತ್ತಿರಲಿಲ್ಲ, ‘ಏಳು ನಂಬ್ರ’ ಗೊತ್ತಿತ್ತು. ಸಂಜೆ ದೀಪದ ಬೆಳಕಿನಲ್ಲಿ ಗದ್ದೆಯ ಬದಿಯ ಮನೆಗಳಲ್ಲಿ ಕುಳಿತು ಓದು ಬಲ್ಲವರು ಓದು ಬಾರದವರಿಗೆ ಫಾರಂ ತುಂಬಿಕೊಟ್ಟರಂತೆ. ಅಜ್ಜ ಹೆಬ್ಬೆಟ್ಟು ಒತ್ತಿದರು, ಗದ್ದೆ ಉಳಿಯಿತು. ಅವರ ಭಾವ, ‘ಧನಿಗಳ ಎದುರು ಹೇಗೆ ಬರೆಯುವುದು’ ಎಂದು ಸುಮ್ಮನಿದ್ದರು, ಗದ್ದೆ ಹೋಯಿತು. ಒಂದೇ ಬೈಲು, ಒಂದೇ ಕಾನೂನು.

ಅದೇ ಭೂಸುಧಾರಣೆ ಕಾಯ್ದೆಯ ಇನ್ನೊಂದು ತಿದ್ದುಪಡಿ 2020ರ ಜುಲೈಯಲ್ಲಿ, ಕೊರೊನಾ ಕಾಲದಲ್ಲಿ, ಮೊದಲು ಸುಗ್ರೀವಾಜ್ಞೆಯಾಗಿ ಬಂತು. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ಇದ್ದ ತಡೆ, ಕೃಷಿಯೇತರ ಆದಾಯದ 25 ಲಕ್ಷದ ಮಿತಿ, ಎರಡೂ ಹೋದವು. ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತೂ ಒಪ್ಪಿತು. ಅದು ಸರಿಯೋ ತಪ್ಪೋ ನಾನು ಹೇಳುವುದಿಲ್ಲ. ನನ್ನ ಕೇಳಿಕೆ ಇಷ್ಟೇ: ನಿಮ್ಮ ಮನೆಗೆ ಇದನ್ನು ತಿಳಿಸಿದ್ದು ಯಾರು? ನನಗಂತೂ ತಿಳಿಸಿದ್ದು ಜಾಗದ ದಲ್ಲಾಳಿ.

ಟೋಲಿನ ವಿಷಯ ನಿಮಗೆ ನಾನು ಹೇಳಬೇಕಿಲ್ಲ. 2018ರಲ್ಲಿ ಪಡುಬಿದ್ರಿ–ಕಾರ್ಕಳ ರಸ್ತೆಗೆ ಇದೇ ಬೆಳ್ಮಣ್‌ನಲ್ಲಿ ಸುಂಕ ವಸೂಲಿ ಎಂದಾಗ ಊರಿಗೆ ಊರೇ ಎದ್ದು ನಿಂತಿತು. 2024ರಲ್ಲಿ ಅದೇ ರಸ್ತೆಯ ಕಂಚಿನಡ್ಕದಲ್ಲಿ ಮತ್ತೆ. ರಸ್ತೆ ಇಲಾಖೆಯಲ್ಲಿದ್ದವನಾಗಿ ಹೇಳುತ್ತೇನೆ, ಟೋಲ್ ಎಂಬುದು ರಾತ್ರೋರಾತ್ರಿ ಹುಟ್ಟುವುದಿಲ್ಲ. ಅದರ ಹಿಂದೆ ತಿಂಗಳುಗಟ್ಟಲೆ ಕಡತ ಓಡಾಡಿರುತ್ತದೆ. ಮೊದಲೇ ತಿಳಿದಿದ್ದರೆ ಮೇಜಿನ ಮುಂದೆ ಕೂತು ಮಾತಾಡಬಹುದಿತ್ತು, ಬಿಸಿಲಿನಲ್ಲಿ ರಸ್ತೆಗೆ ಕೂರಬೇಕಿರಲಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಹೇಳುವುದೂ ಅದನ್ನೇ: ಜನರನ್ನು ತಟ್ಟುವ ನಿರ್ಧಾರ ಮಾಡುವಾಗ ಸಂಗತಿಗಳನ್ನು ಯಾರೂ ಅರ್ಜಿ ಹಾಕದೆಯೇ ಪ್ರಕಟಿಸಬೇಕು. ನಾವು ಅಧಿಕಾರಿಗಳು ಆ ಕಲಮನ್ನು ತರಬೇತಿಯಲ್ಲಿ ಕೇಳಿ, ಊಟದ ಹೊತ್ತಿಗೆ ಮರೆತೆವು.

ನನ್ನ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿಯ ರಾಜ್ಯದ ಶಾಸಕರಿಂದ ಅವಳ ಮನೆಗೆ ಒಂದು ಪತ್ರ ಬರುತ್ತದೆ. ಈ ಅಧಿವೇಶನದಲ್ಲಿ ಯಾವ ಮಸೂದೆಗೆ ಹೌದು ಎಂದೆ, ಯಾವುದಕ್ಕೆ ಇಲ್ಲ ಎಂದೆ, ಏಕೆ. ಚಳಿಗಾಲಕ್ಕೆ ಮನೆ ಬೆಚ್ಚಗಿಡುವ ಖರ್ಚಿಗೆ ನೆರವು ಬೇಕಾದವರು ಎಲ್ಲಿ ಕೇಳಬೇಕು. ಈ ತಿಂಗಳು ಯಾವ ದಿನ ಯಾವ ಗ್ರಂಥಾಲಯದಲ್ಲಿ ಕೂತಿರುತ್ತೇನೆ. ಅವಳಿಗೆ ಅಲ್ಲಿ ಓಟೇ ಇಲ್ಲ! ಪತ್ರ ಮಾತ್ರ ಬರುತ್ತದೆ. ಅಲ್ಲೆಲ್ಲ ಚಿನ್ನದ ಹೊಗೆ ಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಹೆಚ್ಚಿನ ಮಸೂದೆ ಧ್ವನಿಮತದಲ್ಲಿ ಪಾಸಾಗುತ್ತವೆ. ಯಾರು ಹೌದು ಎಂದರು, ಯಾರು ಸುಮ್ಮನಿದ್ದರು ಎಂಬ ದಾಖಲೆಯೇ ಇರುವುದಿಲ್ಲ. ಪಕ್ಷದ ವಿಪ್ ಬೇರೆ. ಆದರೂ ‘ಹೀಗೊಂದು ಮಸೂದೆ ಬಂತು, ಬೆಳ್ಮಣ್‌ನವರಿಗೆ ಅದರಿಂದ ಹೀಗಾಗುತ್ತದೆ’ ಎಂದು ಹೇಳಲಿಕ್ಕೆ ವಿಪ್ ಅಡ್ಡಿಯಿಲ್ಲವಲ್ಲ.

ನಾವು ಮಾತೆತ್ತಿದರೆ ಅನುಭವ ಮಂಟಪವೇ ಮೊದಲ ಸಂಸತ್ತು ಎನ್ನುತ್ತೇವೆ. 2024ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅದರ ತೈಲಚಿತ್ರವನ್ನೂ ಅನಾವರಣ ಮಾಡಿದರು. ಸಂತೋಷ. ನನ್ನ ಮನಸ್ಸು ಹೋಗುವುದು ಒಂದು ಸಣ್ಣ ಸಂಗತಿಯ ಕಡೆ: ಅಲ್ಲಿ ಆಡಿದ ಮಾತು ಹೊರಗಿನವರಿಗೆ ತಿಳಿಯುವ ಕನ್ನಡದಲ್ಲಿತ್ತು. ನಾನು ಬರೆದ ಉತ್ತರಗಳೂ ಕನ್ನಡದಲ್ಲೇ ಇದ್ದವು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಒಂದು ಕೆಲಸ ಶುರು ಮಾಡಬೇಕೆಂದಿದ್ದೇನೆ. ವಿಧಾನಸಭೆಯ ಪ್ರಶ್ನೋತ್ತರಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಮುಂದಿನ ಅಧಿವೇಶನದಲ್ಲಿ ನಮ್ಮ ತಾಲೂಕಿಗೆ ಸಂಬಂಧಿಸಿದ ಪ್ರಶ್ನೆ, ಉತ್ತರ, ಮಸೂದೆ ಇಷ್ಟನ್ನು ಹೆಕ್ಕಿ ಎರಡು ಪುಟಕ್ಕೆ ಇಳಿಸುತ್ತೇನೆ. ‘ಪರಿಶೀಲನೆಯಲ್ಲಿದೆ’ ಎಂದು ಎಲ್ಲಿ ಕಂಡರೂ, ಆ ಕಡತ ಯಾವ ಕಚೇರಿಯ ಯಾವ ಮೇಜಿನಲ್ಲಿರಬಹುದು ಎಂದು ಬರೆಯುತ್ತೇನೆ. ಆ ಮೇಜುಗಳ ದಾರಿ ನನಗೆ ಗೊತ್ತು. ಶಾಸಕರ ಕಚೇರಿಗೂ ಒಂದು ಪ್ರತಿ ಕೊಡುತ್ತೇನೆ. ಅವರೇ ಈ ಕೆಲಸ ಕೈಗೆತ್ತಿಕೊಂಡರೆ ಅದೇ ದಿನ ನಾನು ಪೆನ್ನು ಕೆಳಗಿಡುತ್ತೇನೆ. ಹಾಲಿನ ಸೊಸೈಟಿಯವರು ಬೋರ್ಡಿನಲ್ಲಿ ಜಾಗ ಕೊಡಲು ಒಪ್ಪಿದ್ದಾರೆ. ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ನಾನೂ ಅಲ್ಲಿರುತ್ತೇನೆ, ಓದಲಾಗದವರಿಗೆ ಓದಿ ಹೇಳಲು.

ನನ್ನ ಅಕ್ಷರ ಕೆಟ್ಟದು, ಕಚೇರಿಯಲ್ಲಿ ಎಲ್ಲರೂ ಬೈಯುತ್ತಿದ್ದರು. ದುಂಡಗೆ ಬರೆಯಬಲ್ಲ ಇಬ್ಬರು ಬೇಕು. ಕಾಲೇಜಿಗೆ ಹೋಗುವ ಮಕ್ಕಳಾದರೆ ಇನ್ನೂ ಒಳ್ಳೆಯದು. ಪ್ರಸಾದ ಮುಗಿದ ಮೇಲೆ ಹಿಂದಿನ ಬಾಗಿಲ ಬಳಿ ನಿಂತಿರುತ್ತೇನೆ, ಹೆಸರು ಕೊಟ್ಟು ಹೋಗಿ.