ನೈಸ್

ಉಡುಪಿ ಜಿಲ್ಲೆಯ ಬಿಜೂರಿನ ಯಾವುದಾದರೂ ಅಡುಗೆಮನೆಯಲ್ಲಿ ನೀರುದೋಸೆಗೆ ಅಕ್ಕಿ ಕಡೆಯುತ್ತಿದ್ದರೆ, ‘ನೈಸ್ ಆಯ್ತಾ ಕಾಣ್’ ಎಂಬ ಮಾತು ಬಂದೇ ಬರುತ್ತದೆ. ಹಾಗೆನ್ನುವ ಅಜ್ಜಿ ಇಂಗ್ಲಿಷ್ ಶಾಲೆಯ ಮೆಟ್ಟಿಲು ಹತ್ತಿರಲಿಕ್ಕಿಲ್ಲ. ಅವರ ಪಾಲಿಗೆ ನೈಸ್ ಎಂದರೆ ನುಣುಪು: ಬೆರಳಿಗೆ ತರಿ ಸಿಗಬಾರದು, ಅಷ್ಟೇ. ಕೋಳಿ ಸಾರಿನ ಮಸಾಲೆಗೂ ಅದೇ ಅಳತೆ.

ಇಂಗ್ಲಿಷಿನವರ ನೈಸ್ ಬೇರೆ. ಅದರ ಬೇರು ಲ್ಯಾಟಿನ್ನಿನ ‘ನೆಸ್ಕಿಯುಸ್’, ಅಂದರೆ ಏನೂ ಅರಿಯದವನು. ಹಳೆಯ ಫ್ರೆಂಚಿನ ಮೂಲಕ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ಅದು ಪೆದ್ದನಿಗೆ ಹೇಳುವ ಮಾತು! ಆಮೇಲೆ ಅತಿ ನಾಜೂಕು, ಸೂಕ್ಷ್ಮ, ಕರಾರುವಾಕ್ಕು ಎಂದೆಲ್ಲ ಹೊರಳಿ, 18ನೇ ಶತಮಾನದಲ್ಲಿ ‘ಹಿತವಾದದ್ದು’ ಎಂದಾಯಿತು. ಕಂಡದ್ದಕ್ಕೆಲ್ಲ ಅಂಟಿಸಿ ಅಂಟಿಸಿ ಅದು ಎಷ್ಟು ಸವೆಯಿತೆಂದರೆ, ಜೇನ್ ಆಸ್ಟಿನ್ ‘ನಾರ್ಥ್ಯಾಂಗರ್ ಅಬ್ಬೆ’ ಕಾದಂಬರಿಯಲ್ಲಿ ಪಾತ್ರವೊಂದರ ಬಾಯಿಂದ ಈ ಪದವನ್ನೇ ಗೇಲಿ ಮಾಡಿಸಿದ್ದಾರೆ.

ಕನ್ನಡದಲ್ಲಿ ಅದಕ್ಕೆ ಇನ್ನೊಂದು ಕೆಲಸವೂ ಸಿಕ್ಕಿದೆ. ‘ನೈಸ್ ಮಾಡಬೇಡ’ ಎಂದರೆ ಬೆಣ್ಣೆ ಹಚ್ಚಬೇಡ ಎಂದು. ಕೆಲಸದ ಹೊತ್ತಿಗೆ ‘ನೈಸಾಗಿ ಜಾರಿದವರು’ ಯಾರೆಂಬುದು ಪ್ರತಿ ಮದುವೆ ಮನೆಗೂ ಗೊತ್ತು. ಬೆಂಗಳೂರಿನ ನೈಸ್ ರಸ್ತೆಗೆ ಮಾತ್ರ ಇದರ ನಂಟಿಲ್ಲ. ಅದು ಕಂಪನಿಯೊಂದರ ಹೆಸರಿನ ಮೊದಲಕ್ಷರಗಳು.

ಅಡುಗೆಮನೆಯ ನೈಸನ್ನು ತಪ್ಪು ಇಂಗ್ಲಿಷ್ ಎಂದು ಓದಿದ ಮಕ್ಕಳು ತಿದ್ದಲು ಬಂದರೆ ಬಿಟ್ಟುಕೊಡಬೇಡಿ. ಅದು ಒಳ್ಳೆಯ ಕನ್ನಡ.