ಹಾರಿಸುವ ಮುನ್ನ ಒಂದು ಮಾತು



ಸುವರ್ಣ ಮಹೋತ್ಸವದಲ್ಲಿ ಹಳೆಯ ನೆನಪು ಹೇಳು ಎಂದು ಕರೆದಿದ್ದೀರಿ. ಕ್ಷಮಿಸಬೇಕು, ನಾನು ಹೊಸದೊಂದು ತಂಟೆಯ ಬಗ್ಗೆ ಮಾತನಾಡುತ್ತೇನೆ. ಡ್ರೋನ್ ಹಾರಿಸುವುದು ನನ್ನ ಹವ್ಯಾಸ. ಅದರ ಸದ್ದು ಕೇಳಿದರೆ ಮಕ್ಕಳು ಕೈ ಬೀಸುತ್ತಾರೆ, ದೊಡ್ಡವರು ಬೈಯುತ್ತಾರೆ. ಬೈಯುವವರಿಗೆ ತಿಳಿವಳಿಕೆ ಸಾಲದು ಎಂದೇ ನಾನು ಬಹಳ ದಿನ ಅಂದುಕೊಂಡಿದ್ದೆ.

ಒಮ್ಮೆ ದೀಪಾವಳಿಗೆ ಊರಿಗೆ ಬಂದವನು, ನಮ್ಮ ಗುಡ್ಡದ ಮೇಲೆ ಎಳೆಬಿಸಿಲು ಬೀಳುವುದನ್ನು ಚಿತ್ರೀಕರಿಸಬೇಕೆಂದು ಬೆಳಿಗ್ಗೆ ಮನೆಯ ಮಾಳಿಗೆಯಿಂದಲೇ ಹಾರಿಸಿದೆ. ಎರಡು ದಿನ ಬಿಟ್ಟು ಪಕ್ಕದ ಓಣಿಯ ಹಿರಿಯಾಕೆಯೊಬ್ಬರು ಮನೆಗೆ ಬಂದರು. "ತಮ್ಮಾ, ನಿನ್ನ ಯಂತ್ರ ನಮ್ಮ ಬಚ್ಚಲ ಮ್ಯಾಲೆ ಬಂದಿತ್ತು. ಅವತ್ತಿನಿಂದ ನಮ್ಮ ಸೊಸಿ ಕತ್ತಲಾಗ ಎದ್ದು ಜಳಕ ಮಾಡಾಕತ್ಯಾಳ" ಅಂದರು.

"ಅಷ್ಟು ಎತ್ತರದಿಂದ ಏನೂ ಕಾಣಂಗಿಲ್ಲ ಅಮ್ಮಾ. ಕಾನೂನು ನೋಡೇ ಹಾರಿಸೀನಿ" ಅಂದೆ. ನನ್ನ ಅವ್ವ ಒಳಗಿನಿಂದ, "ಕಾನೂನು ಇರಲಿ, ನಮ್ಮ ಬಚ್ಚಲಿಗೆ ಛಾವಣಿ ಐತೇನು?" ಅಂದಳು.

ಆ ಮಾತು ನನ್ನನ್ನು ಕಟ್ಟಿಹಾಕಿತು. ನಮ್ಮ ಕಡೆ ಎಷ್ಟೋ ಮನೆಗಳ ಬಚ್ಚಲಿಗೆ ನಾಲ್ಕು ಗೋಡೆ ಮಾತ್ರ. ಮೇಲಿಂದ ನೋಡುವವರು ಸೂರ್ಯ ಚಂದ್ರರನ್ನು ಬಿಟ್ಟರೆ ಯಾರೂ ಇರಲಿಲ್ಲ, ಅದಕ್ಕೇ ಛಾವಣಿ ಬೇಕಿರಲಿಲ್ಲ. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗುವ ಊರು ನಮ್ಮದು. ನಾನು ಎಲ್ಲಿ ಹಾರಬಹುದು ಎಂದು ನಕ್ಷೆ ನೋಡಿದ್ದೆ. ಕೆಳಗೆ ಯಾರು ಹೇಗೆ ಬದುಕುತ್ತಾರೆ ಎಂದು ನೋಡಿರಲಿಲ್ಲ.

ಅವರನ್ನು ಕೂರಿಸಿ ಅಂದಿನ ಚಿತ್ರವನ್ನು ಟಿವಿಗೆ ಹಾಕಿದೆ. ಗುಡ್ಡ, ಗದ್ದೆ, ಕಾಲುವೆ ಎಲ್ಲ ಬಂತು. ಕೊನೆಗೆ, ಡ್ರೋನ್ ಇಳಿಯುವಾಗ, ಅವರ ಬಚ್ಚಲೂ ಬಂತು. ಬಕೆಟ್ ಇತ್ತು, ಹಗ್ಗದ ಮೇಲೆ ಸೀರೆ ಇತ್ತು. ಯಾರೂ ಇರಲಿಲ್ಲ. ಆದರೆ ಇರಬಹುದಿತ್ತು. ಅವರ ಎದುರಿಗೇ ಅದನ್ನು ಅಳಿಸಿ ಕೈ ಮುಗಿದೆ.

ನಾನು ಹೇಳಿದ್ದು ಅರ್ಧ ಸತ್ಯ. ನನ್ನದು ಕಾಲು ಕೆ.ಜಿ.ಗಿಂತ ಕಡಿಮೆ ತೂಕದ ಸಣ್ಣ ಡ್ರೋನ್. ಅದರ ಅಗಲ ನೋಟದ ಕ್ಯಾಮೆರಾದಲ್ಲಿ 120 ಮೀಟರ್ ಎತ್ತರದಿಂದ ಚಿತ್ರದ ಒಂದೊಂದು ಚುಕ್ಕೆಗೆ ನೆಲದ ನಾಲ್ಕೈದು ಸೆಂಟಿಮೀಟರ್ ಹಿಡಿಯುತ್ತದೆ. ಮನುಷ್ಯನ ಮುಖ ಎಂದರೆ ಮೂರು ನಾಲ್ಕು ಚುಕ್ಕೆ, ಗುರುತು ಸಿಗುವುದಿಲ್ಲ. ಅದೇ ಹತ್ತು ಮೀಟರ್‌ಗೆ ಇಳಿದರೆ ಮುಖ ಚೆನ್ನಾಗಿ ಕಾಣುತ್ತದೆ. ದೂರದ್ದನ್ನು ಹತ್ತಿರ ಎಳೆಯುವ ಜೂಮ್ ಕ್ಯಾಮೆರಾ ಇದ್ದರೆ ಮೇಲಿನಿಂದಲೂ ಕಂಡೀತು. ಕೆಳಗೆ ನಿಂತವರಿಗೆ ಇದು ಯಾವ ಡ್ರೋನ್ ಎಂದು ಹೇಗೆ ಗೊತ್ತಾಗಬೇಕು? ಅವರಿಗೆ ಕೇಳುವುದು ಸದ್ದು ಮಾತ್ರ.

ಕಾನೂನು ಎರಡೂ ಕಡೆಯವರ ಮಾತು ಕೇಳಿದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ನಾಲ್ಕು ವರ್ಷದ ಮೇಲೆ ಒಂದು ದಿನಕ್ಕೆ, 2021ರ ಆಗಸ್ಟ್ 25ರಂದು, ಡ್ರೋನ್ ನಿಯಮಗಳು ಬಂದವು. ನಕ್ಷೆಯಲ್ಲಿ ಹಸಿರು ವಲಯವೆಂದು ತೋರಿಸಿದ ಕಡೆ 400 ಅಡಿಯವರೆಗೆ ಹಾರಿಸಬಹುದು. ಆದರೆ ಹಾರಿಸಲು ಬಿಟ್ಟರೆಂದರೆ ಇಣುಕಲು ಬಿಟ್ಟರೆಂದಲ್ಲ. ಸ್ನಾನದಂಥ ಖಾಸಗಿ ಹೊತ್ತಿನಲ್ಲಿ ಹೆಣ್ಣುಮಕ್ಕಳನ್ನು ಕದ್ದು ನೋಡಿದರೆ, ಚಿತ್ರ ತೆಗೆದರೆ, ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು.

ಹಾಗಾದರೆ ಸಂಶಯ ಹೋಗುವುದು ಹೇಗೆ? 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯನ್ನು ನೋಡಿ. ಹಳ್ಳಿಯ ಮನೆ ಜಾಗಗಳನ್ನು ಡ್ರೋನ್‌ನಿಂದ ಅಳೆದು ಹಕ್ಕಿನ ದಾಖಲೆ ಕೊಡುವ ಯೋಜನೆ ಅದು. ಅಲ್ಲಿ ಮೊದಲು ಗ್ರಾಮಸಭೆಯಲ್ಲಿ ತಿಳಿಸಬೇಕು, ಆಮೇಲೆ ಮನೆಯವರ ಎದುರಿಗೆ ಸುಣ್ಣದ ಗೆರೆ ಎಳೆಯಬೇಕು, ಕೊನೆಗೆ ಡ್ರೋನ್. ಮೊದಲೇ ಹೇಳಿದ್ದರಿಂದ ತಲೆಯ ಮೇಲೆ ಹಾರುವುದು ಯಾರದು, ಯಾತಕ್ಕೆ ಎಂದು ಜನಕ್ಕೆ ಗೊತ್ತಿರುತ್ತದೆ. ಹೊಸದೇನಲ್ಲ ಇದು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಲು ಹತ್ತುವಾಗ ನಮ್ಮ ತಾತ ಸುತ್ತಲಿನ ಮನೆಗೆಲ್ಲ ಕೇಳುವಂತೆ "ಮ್ಯಾಲೆ ಹತ್ತೀವ್ರೀ" ಎಂದು ಕೂಗುತ್ತಿದ್ದರು. ಮಾಳಿಗೆಯಿಂದ ಪಕ್ಕದ ಅಂಗಳ ಕಾಣುತ್ತದೆ ಎಂದು ಅವರಿಗೆ ಗೊತ್ತಿತ್ತು. ನಾನು ಅವರಿಗಿಂತ ಎತ್ತರ ಹತ್ತಿದೆ, ಕೂಗುವುದನ್ನು ಮರೆತೆ.

ಈಗ ನನ್ನ ಪದ್ಧತಿ ಇಷ್ಟು. ಹಿಂದಿನ ದಿನವೇ ಹೇಳುತ್ತೇನೆ. ಮನೆಗಳ ನಡುವಿನಿಂದ ಬಿಟ್ಟು ಬಯಲಿನಿಂದ ಏರಿಸಿ ಬಯಲಿಗೇ ಇಳಿಸುತ್ತೇನೆ. ಜಳಕದ ಹೊತ್ತಿನಲ್ಲಿ ಹಾರಿಸುವುದಿಲ್ಲ. ತೇರಿನ ಜನದ ಮೇಲಂತೂ ಬೇಡವೇ ಬೇಡ, ಬಿದ್ದರೆ ಯಾರದೋ ತಲೆ. ಕೇಳಿದವರಿಗೆ ಪರದೆ ತೋರಿಸುತ್ತೇನೆ.

ನಿಮ್ಮಲ್ಲೂ ಒಂದು ಬೇಡಿಕೆ. ಡ್ರೋನ್ ಕಂಡರೆ ಕಲ್ಲು ಬೀಸಬೇಡಿ. ತಿರುಗುವ ರೆಕ್ಕೆಯೊಡನೆ ಅದು ಬೀಳುವುದು ನಿಮ್ಮ ಮಕ್ಕಳ ಮೇಲೇ. ಹಾರಿಸುವವನನ್ನು ಹುಡುಕಿ, "ಏನು ತೆಗೀತಿದೀಯಪ್ಪಾ, ತೋರ್ಸು" ಎಂದು ಕೇಳಿ. ಒಳ್ಳೆಯವನು ತೋರಿಸುತ್ತಾನೆ. ತೋರಿಸದೆ ಜಾರಿಕೊಂಡರೆ ಪೊಲೀಸ್ ಠಾಣೆಗೆ ಹೇಳಿ.

ಇಂದು ಸಂಜೆ ಐದಕ್ಕೆ ನಮ್ಮ ಶಾಲೆಯ ಮೈದಾನದಲ್ಲಿ ಡ್ರೋನ್ ಹಾರಿಸುತ್ತೇನೆ. ಅದು ಕಂಡದ್ದನ್ನೆಲ್ಲ ನೀವೂ ಅದೇ ಗಳಿಗೆಯಲ್ಲಿ ದೊಡ್ಡ ಪರದೆಯ ಮೇಲೆ ನೋಡಬಹುದು. ನಿನ್ನೆ ಸುತ್ತಲಿನ ಮನೆಗಳಿಗೆಲ್ಲ ಹೋಗಿ ಹೇಳಿ ಬಂದಿದ್ದೇನೆ. ಒಂದು ಮನೆಯವರು ಬೇಡ ಎಂದರು. ಕಾರಣ ಕೇಳಲಿಲ್ಲ. ಆ ಕಡೆ ಹೋಗುವುದಿಲ್ಲ.

ಎಲ್ಲರೂ ಬನ್ನಿ.