ಕೇಸರಿ ಹೊಲದ ಕೆಳಗೊಂದು ಸರೋವರ



ಕಾಶ್ಮೀರ ನೋಡಿ ಬಂದವರಿಗೆ ಶ್ರೀನಗರದ ಬಳಿಯ ಪಾಂಪೋರ್ ನೆನಪಿರಬಹುದು. ಅಲ್ಲಿ ಕೇಸರಿ ಬೆಳೆಯುವುದು ಚಪ್ಪಟೆ ತಲೆಯ ಮಣ್ಣುದಿಬ್ಬಗಳ ಮೇಲೆ. ಕಾಶ್ಮೀರಿಗಳು ಇವನ್ನು ‘ಕರೇವಾ’ ಎನ್ನುತ್ತಾರೆ. ಒಂದು ಕಾಲಕ್ಕೆ ಇದು ಸರೋವರದ ತಳ!

ಸುಮಾರು 40 ಲಕ್ಷ ವರ್ಷಗಳ ಹಿಂದಿನ ಮಾತು. ಭಾರತದ ಭೂಫಲಕ ಉತ್ತರಕ್ಕೆ ಒತ್ತುತ್ತಿದ್ದಂತೆ ಪೀರ್ ಪಂಜಾಲ್ ಪರ್ವತ ಸ್ತರಭಂಗಗಳ ಗುಂಟ ಮೇಲೇಳುತ್ತಿತ್ತು. ಸ್ತರಭಂಗವೆಂದರೆ ಶಿಲೆ ಸೀಳಿ, ಎರಡು ಬದಿಗಳೂ ಜಾರುವ ಜಾಗ. ಏಳುತ್ತಿದ್ದ ಪರ್ವತ ನೀರಿಗೆ ಅಡ್ಡಲಾದ ಕಟ್ಟೆಯಾಯಿತು, ಹಿಂದೆ ಸರೋವರ ನಿಂತಿತು. ಅಲ್ಲಿ ಕೂತ ಹೂಳು ಸುಮಾರು 1300 ಮೀಟರ್ ದಪ್ಪ. ಹಾಗೆಂದು ನೀರು ಅಷ್ಟು ಆಳವಿರಲಿಲ್ಲ. ಹೂಳು ತುಂಬಿದಂತೆಲ್ಲ ತಳ ಕುಸಿಯುತ್ತಲೇ ಇತ್ತು.

ಈ ಪದರಗಳನ್ನು ದಿನಚರಿಯಂತೆ ಓದಬಹುದು. ನುಣ್ಣನೆಯ ಜೇಡಿ ಇದ್ದರೆ ನೀರು ಶಾಂತವಾಗಿತ್ತು. ಹಂದ್ವಾರಾ ಕಡೆಯ ಲಿಗ್ನೈಟ್ ಇದ್ದಲ್ಲಿ ಗಿಡಗಂಟಿ ಕೊಳೆತ ಜೌಗು. ದುಂಡುಕಲ್ಲುಗಳು ಬಂದವೆಂದರೆ ಪರ್ವತ ಮತ್ತೆ ಎದ್ದು, ತೊರೆಗಳು ರಭಸವಾಗಿ ಧುಮುಕಿದವು. ಪೀರ್ ಪಂಜಾಲ್ ಮಗ್ಗುಲಲ್ಲಿ ಹಳೆಯ ಪದರಗಳು ಓರೆಯಾಗಿವೆ, ಮೇಲಿನವು ಬಹುಮಟ್ಟಿಗೆ ಮಟ್ಟಸ. ಅಂದರೆ ನಡುವೆ ನೆಲ ವಾಲಿತು, ಸರೋವರ ಈಶಾನ್ಯಕ್ಕೆ ಸರಿಯಿತು. ಕೊನೆಗೆ ಬಾರಾಮುಲ್ಲಾ ಬಳಿ ಝೇಲಂ ದಾರಿ ಕೊರೆದು ನೀರು ಬಸಿದುಹೋಯಿತು. ಗಾಳಿ ತಂದ ನಯವಾದ ಮಣ್ಣು ಮೇಲೆ ಕೂತಿತು. ನೀರು ನಿಲ್ಲಗೊಡದ ಈ ಮಣ್ಣೇ ಕೇಸರಿ ಗೆಡ್ಡೆಗೆ ಹಿಡಿಸುವುದು.

ಸತೀಸರವೆಂಬ ಸರೋವರವನ್ನು ಕಶ್ಯಪ ಋಷಿಯ ತಪಸ್ಸಿನ ಫಲವಾಗಿ ಬರಿದು ಮಾಡಲಾಯಿತು ಎಂಬ ಕಥೆ ನೀಲಮತ ಪುರಾಣದಲ್ಲಿದೆ. ಪುರಾಣದ ಲೆಕ್ಕ ಬೇರೆ, ಭೂವಿಜ್ಞಾನದ ಲೆಕ್ಕ ಬೇರೆ. ಆದರೂ ಕಣಿವೆಯ ಆಕಾರ ನೋಡಿದವರಿಗೆ ಇಲ್ಲಿ ನೀರಿತ್ತು ಎಂದು ಹೊಳೆದದ್ದು ಸಹಜವೇ.

ಪರ್ವತದ ಕೆಲಸವಿನ್ನೂ ಮುಗಿದಿಲ್ಲ. 2005ರ ಅಕ್ಟೋಬರ್ 8ರಂದು ಮುಜಫರಾಬಾದ್ ಬಳಿ ಸ್ತರಭಂಗ ಜಾರಿದಾಗ 7.6 ಪ್ರಮಾಣದ ಭೂಕಂಪವಾಗಿ 70 ಸಾವಿರಕ್ಕೂ ಹೆಚ್ಚು ಜನ ಸತ್ತರು. ಸರೋವರದ ಮೆದು ಹೂಳು ಗಟ್ಟಿ ಬಂಡೆಗಿಂತ ಹೆಚ್ಚು ಅಲುಗಾಡುತ್ತದೆ. ಅಂಥ ಹೂಳಿನ ಮೇಲೆಯೇ ಕಣಿವೆಯ ಎಷ್ಟೋ ಊರುಗಳಿವೆ. ಇನ್ನೊಂದು ಕಡೆ, ಇಟ್ಟಿಗೆಗೆ, ರಸ್ತೆಗೆಂದು ಕರೇವಾಗಳನ್ನು ಅಗೆದು ಸಾಗಿಸಲಾಗುತ್ತಿದೆ. ಲಕ್ಷಾಂತರ ವರ್ಷಗಳಲ್ಲಿ ಕೂತ ಮಣ್ಣು ಲಾರಿಯಲ್ಲಿ ಹೋದರೆ ಮರಳಿ ಬಾರದು.

ದೆಹಲಿಯಲ್ಲಿರುವ ಮಿತ್ರರೇ, ಯಮುನೆಯ ದಡದ ಮೆಕ್ಕಲು ಮಣ್ಣಿಗೂ ಹೀಗೆ ಹೆಚ್ಚು ಅಲುಗುವ ಗುಣವಿದೆ. ಫ್ಲ್ಯಾಟ್ ಕೊಳ್ಳುವ ಮುನ್ನ ಅಡುಗೆಮನೆಯ ಟೈಲ್ಸ್ ನೋಡುತ್ತೀರಲ್ಲ, ತಳಪಾಯದ ಮಣ್ಣಿನ ಪರೀಕ್ಷೆಯ ವರದಿಯನ್ನೂ ಕೇಳಿ ನೋಡಿ.